ಜಾಲತಾಣಕ್ಕೂ ಪರೀಕ್ಷೆ

ವಿದ್ಯಾರ್ಥಿಗೆ ಪರೀಕ್ಷಕನಾಗುವ ಯೋಗ ಅಪರೂಪ. ಕಾಲೇಜು ಪ್ರವೇಶದ ಅರ್ಜಿ ತುಂಬುವ ಹೊಸ ಜಾಲತಾಣವೊಂದು ಇಂದಿರಾನಗರದ ಕಚೇರಿಯೊಂದರಲ್ಲಿ ಸಿದ್ಧವಾಗಿತ್ತು. ಸಾರ್ವಜನಿಕರಿಗೆ ತೆರೆಯುವ ಮುನ್ನ ಅದರ ತಪ್ಪು ಹುಡುಕಲು ನಮ್ಮಲ್ಲಿ ಕೆಲವರನ್ನು ಕರೆದರು. (ತಪ್ಪು ಹುಡುಕುವ ವಿದ್ಯೆಯನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ!)

ಅವರೇ ಕೊಟ್ಟ ಮಾದರಿ ಹೆಸರುಗಳೆಲ್ಲ ಸುಸೂತ್ರವಾಗಿ ದಾಟಿದುವು. ಕೃಷ್ಣರಾಜಪುರದ ಕಡೆ ಕೇಳಿಬರುವ ಹೆಸರೊಂದನ್ನು ಹಾಕೋಣವೆಂದು ನಾನು 'ಮುನಿಯಮ್ಮ' ಎಂದು ಬರೆದೆ. ಜಾಲತಾಣ ಮುನಿಸಿಕೊಂಡಿತು: ಮನೆತನದ ಹೆಸರು ಕಡ್ಡಾಯವಂತೆ! ತಂದೆಯ ಹೆಸರಿನ ಮೊದಲಕ್ಷರ 'ಎಂ' ಹಾಕಿದೆ. ಒಂದಕ್ಷರ ಸಾಲದೆಂದಿತು.

ಹಲಸೂರಿನ ತಮಿಳರಲ್ಲೂ ನಮ್ಮ ಹಳೆಯ ಮೈಸೂರಿನವರಲ್ಲೂ ಮನೆತನದ ಹೆಸರಿಲ್ಲದವರೇ ಹೆಚ್ಚು. ಕಡೆಯ ದಿನ ದಿಕ್ಕುತೋಚದ ಹುಡುಗಿಯೊಬ್ಬಳು ಅಲ್ಲಿ ಏನನ್ನೋ ತುಂಬಿದರೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರಿಗೂ ಇದಕ್ಕೂ ತಾಳೆಯಾಗದು, ಸೀಟೇ ಕೈತಪ್ಪೀತು.

"ಅಂಥವರು ಎಷ್ಟು ಮಂದಿ ಇದ್ದಾರು?" ಎಂದರು ಅಲ್ಲಿನ ತರುಣ ಇಂಜಿನಿಯರು.

"ಹಲಸೂರು ಪೇಟೆಗೆ ಬನ್ನಿ, ಎಣಿಸೋಣ" ಎಂದೆ.

ಪರೀಕ್ಷೆಗೆ ಬಿಡುವಿಲ್ಲವೆಂಬ ಅವಸರ ದೊಡ್ಡವರಿಗೂ ಉಂಟು. ೨೦೧೩ರ ಅಕ್ಟೋಬರ್ ೧ರಂದು ಅಮೆರಿಕದ ಸರ್ಕಾರ ಆರೋಗ್ಯ ವಿಮೆಯ ಜಾಲತಾಣ ತೆರೆಯಿತು. ಬಿಡಿಭಾಗಗಳನ್ನು ಜೋಡಿಸಿ ಮೊದಲಿಂದ ಕೊನೆಯವರೆಗೆ ಪರೀಕ್ಷಿಸಲು ಸಿಕ್ಕಿದ್ದು ಕಡೆಯ ಎರಡು ವಾರ. ಮೊದಲ ದಿನ ವಿಮೆಗೆ ಸೇರಲಾದದ್ದು ಆರೇ ಜನಕ್ಕೆ!

ಇಂಜಿನಿಯರು ಒಳ್ಳೆಯವರು, ಹಟ ಹಿಡಿಯಲಿಲ್ಲ. ಮನೆತನದ ಹೆಸರಿನ ಕಡ್ಡಾಯವನ್ನು ತೆಗೆದರು. ಮತ್ತೆ ತುಂಬಿದೆ, ಅರ್ಜಿ ದಾಟಿತು. ಆದರೆ ಅಚ್ಚಾಗಿ ಬಂದ ರಸೀತಿಯಲ್ಲಿ 'ಮುನಿಯಮ್ಮ ನಲ್' ಎಂದಿತ್ತು! ಖಾಲಿ ಜಾಗಕ್ಕೆ ಯಂತ್ರದ ಭಾಷೆಯಲ್ಲಿ 'ನಲ್' ಎನ್ನುವರಂತೆ. ಅದನ್ನೂ ಬರೆದುಕೊಟ್ಟೆ. ಜಾಲತಾಣ ತೆರೆಯುವುದು ಮೂರು ದಿನ ಮುಂದಕ್ಕೆ ಹೋಯಿತು.