ಹರಕೆ ಲೆಕ್ಕ, ಭಾಗ 4: ಬಾಕಿ

ಫೋಟೋದಲ್ಲಿರೋದು ಚರ್ಚಿನ ಕಾಣಿಕೆ ಕವರ್. ಒಳಗೆ 900 ರೂಪಾಯಿ ಇದೆ. ಇದರ ಹಿಂದಿನ ಕಥೆ ಹೇಳೋಕೆ ನನಗೆ ಏಳು ತಿಂಗಳು ಬೇಕಾಯ್ತು.

ಅಮ್ಮನ ಆಪರೇಷನ್ ದಿನ ಥಿಯೇಟರ್ ಹೊರಗೆ ಕೂತು ಹರಕೆ ಮಾಡ್ಕೊಂಡೆ. ಅಮ್ಮ ಮನೆಗೆ ಬಂದ್ರೆ ಸಾಕು ದೇವರೇ, ನನ್ನ ಮೊದಲ ಸಂಬಳ ಪೂರ್ತಿ ನಿನಗೇ ಅಂತ. ಐದನೇ ದಿನ ಅಮ್ಮ ಮನೆಗೆ ಬಂದ್ಲು. ಮುಂದಿನ ತಿಂಗಳು ಆಡಿಟರ್ ಆಫೀಸಲ್ಲಿ ಪಾರ್ಟ್ ಟೈಮ್ ಟ್ಯಾಲಿ ಎಂಟ್ರಿ ಕೆಲಸ ಸಿಕ್ತು. ಸಂಬಳ 9,000. ಅದು ಕೈಗೆ ಬಂದ ವಾರವೇ ಸೆಮಿಸ್ಟರ್ ಫೀಸ್‌ಗೆ ಕೊನೇ ದಿನ. ದೇವರು ಕಾಯ್ತಾನೆ, ಕಾಲೇಜು ಕಾಯಲ್ಲ ಅಂದ್ಕೊಂಡೆ. ಉಳಿದ ದುಡ್ಡಲ್ಲಿ ಶೂ ತಗೊಂಡೆ. ನಿಜ ಹೇಳ್ಬೇಕಲ್ಲ.

ಆಮೇಲೆ ಪ್ರತಿ ಭಾನುವಾರ ಕಾಣಿಕೆ ಚೀಲ ಹತ್ತಿರ ಬಂದಾಗ ಬೈಬಲ್ ಪುಟ ಹುಡುಕೋ ನಾಟಕ.

ಹಿಂದಿನ ಭಾಗದಲ್ಲಿ ಹನ್ನಳ ಬಗ್ಗೆ ಬರೆದಿದ್ದೆ, ನೆನಪಿದ್ಯಾ? ಮಗು ಕೊಟ್ರೆ ಅವನನ್ನು ನಿನಗೇ ಕೊಡ್ತೀನಿ ಅಂದವಳು, ಸಮುವೇಲನಿಗೆ ಹಾಲು ಬಿಡಿಸಿದ ಮೇಲೆ ಶಿಲೋವಿಗೆ ಕರ್ಕೊಂಡು ಹೋಗಿ ಯಾಜಕ ಏಲಿಯ ಹತ್ರ ಬಿಟ್ಟು ಬಂದ್ಲು. ವರ್ಷ ವರ್ಷ ಒಂದು ಚಿಕ್ಕ ಅಂಗಿ ಹೊಲಿದು ತಗೊಂಡು ಹೋಗ್ತಿದ್ಲು. ನೀವೆಲ್ಲ ಚೆನ್ನಾಗಿದೆ ಅಂದ್ರಿ. ನನಗೆ ಒಳಗೊಳಗೆ ನಾಚಿಕೆ.

ಇವತ್ತು ಯೆಪ್ತಾಹ. ನ್ಯಾಯಸ್ಥಾಪಕರು 11. ಅಮ್ಮೋನಿಯರ ಮೇಲೆ ಗೆದ್ದು ವಾಪಸ್ ಬಂದಾಗ ಮನೆ ಬಾಗಿಲಿಂದ ಎದುರು ಬಂದದ್ದನ್ನು ದೇವರಿಗೆ ಹೋಮಬಲಿ ಕೊಡ್ತೀನಿ ಅಂದ. ದಮ್ಮಡಿ ಬಡೀತಾ ಕುಣೀತಾ ಬಂದವಳು ಅವನ ಒಬ್ಬಳೇ ಮಗಳು.

ಯೆಹೂದಿ ಗುರುಗಳ ಒಂದು ಹಳೇ ವ್ಯಾಖ್ಯಾನ ಹೀಗೆ ಹೇಳುತ್ತೆ: ಆ ಹರಕೆಯಿಂದ ಬಿಡಿಸೋಕೆ ಯಾಜಕ ಫೀನೆಹಾಸ ಇದ್ದ. ಆದ್ರೆ ದಂಡಿನ ನಾಯಕ ನಾನು, ನಾನ್ಯಾಕೆ ಹೋಗ್ಲಿ ಅಂತ ಯೆಪ್ತಾಹ ಕೂತ. ಬೇಕಿದ್ರೆ ಅವನೇ ಬರಲಿ ಅಂತ ಫೀನೆಹಾಸ ಕೂತ. ಇಬ್ಬರ ಮಧ್ಯೆ ಹುಡುಗಿ ಜೀವ ಹೋಯ್ತು.

ಬಿಡಿಸೋ ದಾರಿ ಅಂದ್ರೆ ಏನು ಅಂತ ಯಾಜಕಕಾಂಡ 27 ತೆಗೆದೆ. ಬಿಕಾಂನವರೇ, ಇದು ನಮ್ಮದೇ ಅಧ್ಯಾಯ! ಪೂರ್ತಿ ರೇಟ್ ಲಿಸ್ಟ್. ಒಬ್ಬರನ್ನು ದೇವರಿಗೆ ಹರಕೆ ಕೊಟ್ರೆ ಬದಲಿಗೆ ಕಟ್ಟಬೇಕಾದ ಬೆಲೆ: 20ರಿಂದ 60 ವಯಸ್ಸಿನ ಗಂಡಸಿಗೆ 50 ಶೆಕೆಲ್ ಬೆಳ್ಳಿ, ಹೆಂಗಸಿಗೆ 30. (ಹುಡುಗೀರೇ, ನನಗೂ ಉರೀತು.) ದೇವರಿಗೆ ಕೊಟ್ಟ ಮನೆ ವಾಪಸ್ ಬೇಕಂದ್ರೆ ಬೆಲೆ ಮೇಲೆ ಐದನೇ ಒಂದು ಪಾಲು ಜಾಸ್ತಿ.

ಎಂಟನೇ ವಚನದಲ್ಲಿ ನಿಂತುಬಿಟ್ಟೆ. ಅಷ್ಟು ಕಟ್ಟೋಕೆ ಆಗದ ಬಡವರು ಯಾಜಕನ ಮುಂದೆ ಬರಬೇಕು. ಅವರ ಕೈಲಾದಷ್ಟು ನೋಡಿ ಅವನು ಬೆಲೆ ಗೊತ್ತು ಮಾಡಬೇಕು.

ಅಂದ್ರೆ ಮನ್ನಾ ಅಲ್ಲ. ಆದ್ರೆ ಎದುರು ಬಂದು ನಿಂತವರಿಗೆ ದಾರಿ ಇದೆ. ನಾನು ದುಡ್ಡು ಖರ್ಚು ಮಾಡಿದ್ದಕ್ಕಿಂತ ದೊಡ್ಡ ತಪ್ಪು ಮುಖ ತಪ್ಪಿಸಿದ್ದು.

ಹೋದ ಭಾನುವಾರ ಪಾಸ್ಟರ್ ಹತ್ರ ಎಲ್ಲ ಹೇಳ್ದೆ. ಬೈಲಿಲ್ಲ. "ತಿಂಗಳಿಗೆ ಎಷ್ಟು ಆಗುತ್ತಮ್ಮ ನಿನ್ನ ಕೈಲಿ?" ಅಂದ್ರು, ಅಷ್ಟೇ. ಐದನೇ ಪಾಲು 1,800 ನಾನೇ ಸೇರಿಸಿದೆ. ಅದು ಬೇಡ ಅಂದ್ರು, ಕೇಳಲಿಲ್ಲ. ಒಟ್ಟು 10,800. ತಿಂಗಳಿಗೆ 900, ಹನ್ನೆರಡು ಕಂತು. ಫೋಟೋದಲ್ಲಿರೋದು ಮೊದಲನೇದು.

ಅಮ್ಮನಿಗೂ ಇವತ್ತು ಹೇಳ್ದೆ. "ನನಗೋಸ್ಕರ ದೇವರ ಹತ್ರಾನೇ ಸಾಲ ಮಾಡಿದ್ಯಾ?" ಅಂತ ನಕ್ಕಳು. ಆಮೇಲೆ ಅತ್ತಳು.

ಇಂಟರ್ನಲ್ಸ್ ಹತ್ರ ಬಂತು. ಪಾಸ್ ಮಾಡ್ಸು ದೇವರೇ, ನಿನಗೆ ಇಂಥದ್ದು ಕೊಡ್ತೀನಿ ಅನ್ನೋಕೆ ಮುಂಚೆ ಧರ್ಮೋಪದೇಶಕಾಂಡ 23 ಒಮ್ಮೆ ಓದಿ. ಹರಕೆ ಮಾಡದೇ ಇದ್ರೆ ಪಾಪ ಇಲ್ಲ. ಮಾಡಿದ್ರೆ ತಡ ಮಾಡೋ ಹಾಗಿಲ್ಲ.

ನಿಮ್ಮದೂ ಏನಾದ್ರೂ ಬಾಕಿ ಇದ್ಯಾ? ಕಾಮೆಂಟಲ್ಲಿ ಬೇಡ. ಯಾರ ಮುಂದೆ ಹೇಳ್ಬೇಕೋ ಅವರ ಹತ್ರ ಎದ್ದು ಹೋಗಿ.

ಭಾಗ 5 ಮುಂದಿನ ಭಾನುವಾರ: ಬೇತೇಲಿನಲ್ಲಿ ಯಾಕೋಬ.