ಹಿಂಗಾರಿನ ಆಕಾಶ

ಮುಂಗಾರು ಹಿಂದೆ ಸರಿದು, ಹೆಸರು ಉದ್ದಿನ ರಾಶಿ ಮುಗಿದು, ಎರೆ ಹೊಲಗಳಲ್ಲಿ ಜೋಳದ ಬಿತ್ತನೆಗೆ ಕೂರಿಗೆ ಹೂಡುವ ಹೊತ್ತಿಗೆ ನನ್ನ ಕಣ್ಣು ತಾನಾಗಿ ಉತ್ತರದ ಆಕಾಶದತ್ತ ಹೊರಳುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಆಗ ಚಳಿ ಶುರುವಾಗಿರುತ್ತದೆ. ಅಲ್ಲಿಂದ ಹೊರಟ ಬೇಟೆಹಕ್ಕಿಗಳು ನಮ್ಮ ದಖ್ಖನಿನ ಬಯಲಿಗೆ ಬಂದು ಸೇರುವ ಕಾಲವದು. ಹೈದರಾಬಾದಿನಲ್ಲಿ ನೆಲೆಸಿರುವ ನನಗೆ ಅವುಗಳ ದರ್ಶನವಾಗುವುದು ಪಟಾನ್‌ಚೆರುವಿನಲ್ಲಿ. ಬೆಳಗಿನ ಜಾವ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು, ಗೆಳೆಯರ ಜೊತೆ ಸೋಲಾಪುರದ ಹೆದ್ದಾರಿ ಹಿಡಿದರೆ ಆ ವರ್ಷದ ಚಳಿಗಾಲ ನನಗೆ ನಿಜವಾಗಿ ಆರಂಭವಾದಂತೆ.

ಪಟಾನ್‌ಚೆರು ಕನ್ನಡಿಗರಿಗೆ ಹೊರಗಿನ ಊರಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ರಾಣಿ ಸುಗ್ಗಲದೇವಿಯ ಕಥೆ, ಆಕೆಯ ಗುರು ದೇವರ ದಾಸಿಮಯ್ಯನ ಕಥೆ ಈ ಊರಿಗೆ ಅಂಟಿಕೊಂಡೇ ಬಂದಿವೆ. ಇವತ್ತಿಗೂ ಹುಮನಾಬಾದ್, ಬಸವಕಲ್ಯಾಣದ ಬಸ್ಸುಗಳು ಹಾದುಹೋಗುವುದು ಇಲ್ಲಿಂದಲೇ. ಆದರೆ ಈ ಕಾಲದಲ್ಲಿ ಪಟಾನ್‌ಚೆರುವಿಗೆ ಹೆಸರು ಬಂದದ್ದು ಕಾರ್ಖಾನೆಗಳಿಂದ. ಔಷಧ ಕಂಪನಿಗಳ ತ್ಯಾಜ್ಯನೀರು ಶುದ್ಧೀಕರಿಸುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಜೀವಿರೋಧಕ ಔಷಧ ಇರುವುದನ್ನು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದಾಗ ಜಗತ್ತಿನ ವೈದ್ಯರೆಲ್ಲ ಈ ಊರಿನ ಹೆಸರು ಕೇಳಿದರು.

ಅದೇ ಪಟಾನ್‌ಚೆರುವಿನಲ್ಲಿ, ಅದೇ ಹೆದ್ದಾರಿಯ ಬದಿಯಲ್ಲಿ, ಇಕ್ರಿಸ್ಯಾಟ್ ಇದೆ. ಮಳೆಯನ್ನೇ ನಂಬಿದ ಒಣಸೀಮೆಯ ರೈತರಿಗಾಗಿ 1972ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇದು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಇದರ ಮುಖ್ಯ ಬೆಳೆಗಳು. ಎಲ್ಲವೂ ನಮ್ಮ ಬಯಲುಸೀಮೆಯ ತಾಟಿನಲ್ಲಿರುವವೇ. ಸೊರಗು ರೋಗ ತಡೆದು ಕಲಬುರಗಿಯ ತೊಗರಿ ಬೆಳೆಗಾರರ ಕೈಹಿಡಿದ ‘ಮಾರುತಿ’ ತಳಿ ಬಂದದ್ದು ಇಲ್ಲಿಂದಲೇ. ಕರ್ನಾಟಕದಲ್ಲಿ ಅದು ಬಿಡುಗಡೆಯಾದದ್ದು 1986ರಲ್ಲಿ. ಸುಮಾರು 1,400 ಹೆಕ್ಟೇರಿನ ಈ ಆವರಣದಲ್ಲಿ ಎರೆ ಭೂಮಿಯೂ ಇದೆ, ಕೆಂಪು ಮಸಾರಿಯೂ ಇದೆ. ಪ್ರಯೋಗದ ಹೊಲಗಳ ನಡುವೆ ಕೆರೆಗಳು, ಉಳದೆ ಬಿಟ್ಟ ಹುಲ್ಲಿನ ಪಟ್ಟಿಗಳು, ಕುರುಚಲು ಗಿಡಗಳು ಉಳಿದಿವೆ. ಇನ್ನೂರೈವತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಇಲ್ಲಿ ದಾಖಲಾಗಿವೆ. ಸುತ್ತ ಊರು ಬೆಳೆಯುತ್ತ ಹೋದಂತೆ, ಗೋಡೆಯೊಳಗಿನ ಈ ಹೊಲಗಳು ಹಕ್ಕಿಗಳ ಪಾಲಿಗೆ ಇನ್ನಷ್ಟು ಬೆಲೆಯುಳ್ಳವಾದವು.

ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಹೈದರಾಬಾದಿನ ಹಕ್ಕಿವೀಕ್ಷಕರ ಬಳಗ ‘ಡೆಕ್ಕನ್ ಬರ್ಡರ್ಸ್’ ಈ ಏರ್ಪಾಟನ್ನು ಬಹಳ ಕಾಲದಿಂದ ಮಾಡುತ್ತ ಬಂದಿದೆ. 1980ರಲ್ಲಿ ಆಂಧ್ರಪ್ರದೇಶ ಹಕ್ಕಿವೀಕ್ಷಕರ ಸಂಘವೆಂದು ಶುರುವಾದ ಗುಂಪು ಅದು. ಅದಕ್ಕೂ ಹಿಂದಿನ ದಾರಿ ಸಲೀಂ ಅಲಿಯವರದು. 1931-32ರಲ್ಲಿ ನಿಜಾಮರ ಸಂಸ್ಥಾನವಿಡೀ ಸುತ್ತಿ ಅವರು ಹಕ್ಕಿಗಳ ಸಮೀಕ್ಷೆ ನಡೆಸಿದರು. ಬೀದರ್, ಗುಲ್ಬರ್ಗಾ, ರಾಯಚೂರು ಆಗ ಆ ಸಂಸ್ಥಾನದ ಜಿಲ್ಲೆಗಳು. ಹಾಗಾಗಿ ಹೈದರಾಬಾದಿನ ಹಕ್ಕಿ ಚರಿತ್ರೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಪುಟಗಳೂ ಸೇರಿವೆ.

ನಾವು ಹೋಗುವುದು ಮುಖ್ಯವಾಗಿ ಹ್ಯಾರಿಯರ್‌ಗಳಿಗಾಗಿ. ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ಇವು ಸೆಳೆವಗಳು. ಹದ್ದಿನಂತೆ ಎತ್ತರದಲ್ಲಿ ಸುತ್ತುತ್ತ ಕಾಯುವ ಹಕ್ಕಿಯಲ್ಲ ಇದು. ಬೆಳೆಯ ತೆನೆಗಿಂತ ಆಳೆತ್ತರ ಮೇಲೆ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಹೊಲದ ಈ ಬದುವಿನಿಂದ ಆ ಬದುವಿನವರೆಗೆ ಸಾಲುಸಾಲಾಗಿ ಹಾರುತ್ತದೆ. ಮುಖ ಗೂಬೆಯಂತೆ ದುಂಡಗಿದೆ. ಆ ಮುಖದ ಗರಿಗಳು ಸದ್ದನ್ನು ಕಿವಿಗೆ ಕೂಡಿಸಿಕೊಡುವುದರಿಂದ ಹುಲ್ಲಿನಡಿ ಸರಿದಾಡುವ ಇಲಿಯೂ ಅದಕ್ಕೆ ಕೇಳಿಸುತ್ತದೆ. ಕೇಳಿಸಿದ ಕೂಡಲೇ ಗಾಳಿಯಲ್ಲೇ ಮೈ ತಿರುಚಿ, ಕಾಲು ಚಾಚಿ ಕೆಳಗೆ ಬೀಳುತ್ತದೆ. ಮಾಂಟೆಗು ಸೆಳೆವದ ಗಂಡಿನ ತೂಕ ಮುನ್ನೂರು ಗ್ರಾಮಿನ ಆಸುಪಾಸು. ರೆಕ್ಕೆ ಬಿಚ್ಚಿದರೆ ಮಾತ್ರ ಮೀಟರಿನಷ್ಟು ಅಗಲ. ಇಷ್ಟು ಹಗುರವಾದ ಜೀವ ಕಜಾಕಿಸ್ತಾನದ ಹುಲ್ಲುಗಾವಲಿನಿಂದ ಸುಮಾರು 4,000 ಕಿಲೋಮೀಟರ್ ಹಾರಿ ಒಂದು ಜೋಳದ ಹೊಲಕ್ಕೆ ಬಂದಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಮಾತು ನಿಲ್ಲುತ್ತದೆ.

ಮೂರು ಬಗೆಯ ಸೆಳೆವಗಳು ಇಲ್ಲಿ ಸಾಮಾನ್ಯ. ಕೆರೆಯ ಜೊಂಡಿನ ಮೇಲೆ ಹಾರುವುದು ಜೌಗು ಸೆಳೆವ. ಹೊಲದ ಮೇಲೆ ಹಾರುವವು ಮಾಂಟೆಗು ಮತ್ತು ಬಿಳಿ ಸೆಳೆವ. ಈ ಎರಡರ ಗಂಡುಗಳು ಬೂದುಬಿಳುಪು. ಮಾಂಟೆಗುವಿನ ರೆಕ್ಕೆಗೆ ಅಡ್ಡಲಾಗಿ ಕಪ್ಪು ಗೆರೆ ಇದೆ. ಬಿಳಿ ಸೆಳೆವದ ರೆಕ್ಕೆತುದಿಯಲ್ಲಿ ಕಪ್ಪು ಬೆಣೆಯಷ್ಟೇ. ಹೆಣ್ಣುಗಳು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟೆ. ಹೆಣ್ಣನ್ನು ಹೆಣ್ಣಿನಿಂದ, ಮರಿಯನ್ನು ಮರಿಯಿಂದ ಬೇರ್ಪಡಿಸಲು ಅನುಭವಿಗಳೂ ಕತ್ತಿನ ಪಟ್ಟಿ, ರೆಕ್ಕೆಯಡಿಯ ಗೆರೆ ಎಂದು ಬಹಳ ಹೊತ್ತು ವಾದಿಸುತ್ತಾರೆ. ಆ ವಾದದಲ್ಲಿ ಯಾರೂ ಸೋಲುವುದಿಲ್ಲ, ಏಕೆಂದರೆ ಅಷ್ಟು ಹೊತ್ತೂ ಎಲ್ಲರೂ ಹಕ್ಕಿಯನ್ನೇ ನೋಡುತ್ತಿರುತ್ತಾರೆ.

ಬೇಟೆಹಕ್ಕಿಯನ್ನು ಹುಡುಕುವ ದಾರಿ ಉಳಿದ ಹಕ್ಕಿಗಳ ಮೂಲಕವೇ ಹೋಗುತ್ತದೆ. ಟಿಟ್ಟಿಭ ಕಾರಣವಿಲ್ಲದೆ ಕೂಗುವುದಿಲ್ಲ. ಬಾನಾಡಿಗಳ ಹಿಂಡು ಒಮ್ಮೆಲೇ ಎದ್ದಿತೆಂದರೆ ಅದರ ಹಿಂದೆ ಯಾವುದೋ ನೆರಳು ಬರುತ್ತಿದೆ ಎಂದೇ ಅರ್ಥ. ಕೆರೆಯಲ್ಲಿ ಹರಡಿಕೊಂಡಿದ್ದ ನಾಮದ ಕೋಳಿಗಳು ಒಂದೆಡೆ ಒತ್ತಾಗಿ ಸೇರಿದರೆ ಜೌಗು ಸೆಳೆವ ದಡದಲ್ಲೆಲ್ಲೋ ಇದೆ. ಮೊದಲು ಬಂದವರಿಗೆ ನಮ್ಮಲ್ಲಿನ ಹಿರಿಯರು ಹೇಳುವ ಪಾಠವಿದು: ಸೂರ್ಯ ಬೆನ್ನಿಗಿರಲಿ, ಕಾಲು ದಾರಿ ಬಿಟ್ಟು ಇಳಿಯದಿರಲಿ, ಕಿವಿ ಹೊಲದ ಕಡೆಗಿರಲಿ. ಹೀಗೆ ನಿಂತವರಿಗೆ ಗಾಳಿಯಲ್ಲೇ ಒಂದೆಡೆ ನಿಂತು ನೆಲ ನೋಡುವ ಚಾಣ, ಮೀನಿಗಾಗಿ ನೀರಿಗೆ ಧುಮುಕುವ ಡೇಗೆ, ಬಿಸಿಲೇರಿದ ಮೇಲೆ ಎತ್ತರಕ್ಕೆ ಸುತ್ತಿ ಹೋಗುವ ಗಿಡುಗಗಳೂ ಕಾಣಸಿಗುತ್ತವೆ.

ಒಮ್ಮೆ ಬದುವಿನ ಪಕ್ಕ ನಿಂತು ನಾವು ಮಾತಾಡುತ್ತಿದ್ದಾಗ ಕನ್ನಡ ಕೇಳಿ ಒಬ್ಬ ಹಿರಿಯರು ಹತ್ತಿರ ಬಂದರು. ಹುಮನಾಬಾದ್ ಕಡೆಯವರು, ಹೊಲದ ಕೆಲಸಕ್ಕೆ ಬಂದವರು. “ಇವು ನಮ್ಮ ಕಡೀಗೂ ಬರ್ತಾವ್ರಿ” ಎಂದರು. “ಜ್ವಾಳ ಬಿತ್ತೂ ಮುಂದ ಬರ್ತಾವ, ರಾಶಿ ಆದ ಮ್ಯಾಲ ಹೋಗ್ತಾವ. ಹುಳಾ ತಿಂತಾವ, ನಮಗೇನೂ ತ್ರಾಸಿಲ್ಲ.” ಪುಸ್ತಕ ಹೇಳುವುದೂ ಅದನ್ನೇ: ಸೆಪ್ಟೆಂಬರ್ ಕೊನೆಗೆ ಬರುತ್ತವೆ, ಮಾರ್ಚ್ ಏಪ್ರಿಲ್ಲಿಗೆ ಮರಳುತ್ತವೆ, ಮಿಡತೆ ಇಲಿಗಳೇ ಮುಖ್ಯ ಆಹಾರ. ಆ ಹಿರಿಯರು ಹಕ್ಕಿಯ ಪಂಚಾಂಗವನ್ನು ಬೆಳೆಯ ಪಂಚಾಂಗದೊಳಗೇ ಓದಿಕೊಂಡಿದ್ದರು.

ಆ ಮಾತಿನಲ್ಲಿರುವ ನಂಟು ಒಂದು ಅಪಾಯವನ್ನೂ ಹೇಳುತ್ತದೆ. ಹುಳಕ್ಕೆ ಹೊಡೆದ ವಿಷ ಹುಳ ತಿಂದ ಹಕ್ಕಿಗೂ ತಾಗುತ್ತದೆ. 1990ರ ದಶಕದ ನಡುವೆ ಅರ್ಜೆಂಟೀನಾದಲ್ಲಿ ಮಿಡತೆ ಕೊಲ್ಲಲು ಮೊನೊಕ್ರೊಟೊಫಾಸ್ ಸಿಂಪಡಿಸಿದಾಗ, ಉತ್ತರ ಅಮೆರಿಕದಿಂದ ಚಳಿಗಾಲಕ್ಕೆ ಬಂದಿದ್ದ ಸ್ವೇನ್ಸನ್ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಹೊಲಗಳಲ್ಲೇ ಸತ್ತುಬಿದ್ದವು. ಆ ಔಷಧದ ಹೆಸರು ನಮ್ಮ ಹತ್ತಿ, ತೊಗರಿ ಬೆಳೆಗಾರರಿಗೆ ಹೊಸದಲ್ಲ. ಆದರೆ ಕಲಬುರಗಿಯ ರೈತರಿಗೆ ಇನ್ನೊಂದು ಹಳೆಯ ಉಪಾಯವೂ ಗೊತ್ತು: ತೊಗರಿ ಗಿಡವನ್ನು ಅಲ್ಲಾಡಿಸಿ, ಕಾಯಿಕೊರಕದ ಹುಳುಗಳನ್ನು ಕೆಳಗೆ ಹಿಡಿದ ಬಟ್ಟೆಗೆ ಉದುರಿಸಿ ಆರಿಸುವುದು. ಇಕ್ರಿಸ್ಯಾಟ್ ವಿಜ್ಞಾನಿಗಳೂ ಅದನ್ನು ಪರೀಕ್ಷಿಸಿ, ಒಳ್ಳೆಯ ಪದ್ಧತಿ ಎಂದು ಹೇಳಿದರು. ಹಕ್ಕಿಗೆ ಅದರಿಂದ ಕೇಡಿಲ್ಲ.

ಸೆಳೆವಗಳಿಗೆ ಇನ್ನೂ ದೊಡ್ಡ ಸಂಕಟ ರಾತ್ರಿಯದು. ಇವು ಮರದಲ್ಲಿ ಮಲಗುವುದಿಲ್ಲ. ಹೊತ್ತು ಮುಳುಗುವಾಗ ದೂರದ ಹೊಲಗಳಿಂದ ಒಂದೊಂದಾಗಿ ಬಂದು, ಮೊಳಕಾಲೆತ್ತರದ ಹುಲ್ಲಿನ ಮೇಲೆ ತಗ್ಗಿ ಸುತ್ತಿ, ನೆಲಕ್ಕೇ ಇಳಿಯುತ್ತವೆ. ಹೀಗೆ ನೂರಾರು ಹಕ್ಕಿಗಳು ಒಂದೇ ಹುಲ್ಲುಬಯಲಿನಲ್ಲಿ ರಾತ್ರಿ ಕಳೆಯುವುದನ್ನು ಕರ್ನೂಲು ಸೀಮೆಯ ರೊಳ್ಳಪಾಡುವಿನಲ್ಲಿ, ಗುಜರಾತಿನ ವೆಳಾವದರಿನಲ್ಲಿ ಜನ ನೋಡಿದ್ದಾರೆ. ಬೆಂಕಿ, ಬೀದಿನಾಯಿ, ನೇಗಿಲು, ಟ್ರ್ಯಾಕ್ಟರ್ ಯಾವುದಾದರೊಂದು ಸಾಕು, ಆ ತಂಗುದಾಣ ಹಾಳಾಗಲು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದೇಶದ ಇಂಥ ತಂಗುದಾಣಗಳನ್ನು ವರ್ಷಗಟ್ಟಲೆ ಎಣಿಸುತ್ತ ಬಂದಿದ್ದಾರೆ. ಹಕ್ಕಿಗಳು ಕಡಿಮೆಯಾಗುತ್ತಿವೆ ಎಂಬುದೇ ಅವರ ಎಣಿಕೆ ಹೇಳುವ ಮಾತು.

ಇದಕ್ಕೆ ಕಾರಣ ಹುಡುಕಿದರೆ ಬಯಲನ್ನು ನಾವು ನೋಡುವ ರೀತಿಯ ಬಳಿ ಬಂದು ನಿಲ್ಲುತ್ತೇವೆ. ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲು ಬಹುಪಾಲು ‘ಪಾಳುಭೂಮಿ’. ಪಾಳು ಎಂದ ಮೇಲೆ ಅಲ್ಲಿ ಗಿಡ ನೆಡಬೇಕು, ಕಾರ್ಖಾನೆ ಕಟ್ಟಬೇಕು, ಸೌರಫಲಕ ಹಾಸಬೇಕು ಎಂದು ತೋರುವುದು ಸಹಜ. ಕೃಷ್ಣಮೃಗಗಳ ರಾಣೆಬೆನ್ನೂರಿನ ಬಯಲಿನಲ್ಲೂ ನೀಲಗಿರಿ ನೆಟ್ಟರು. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಿಕೊಳ್ಳಲು ಹಕ್ಕಿಪ್ರೇಮಿಗಳು ನ್ಯಾಯಾಲಯದವರೆಗೆ ಹೋಗಬೇಕಾಯಿತು. ಕಾಡನ್ನು ಕಡಿದರೆ ನೋವಾಗುವ ನಮಗೆ ಬಯಲಿನಲ್ಲಿ ಮರ ನೆಟ್ಟಾಗ ಏನೋ ಒಳ್ಳೆಯದಾಯಿತೆಂದೇ ಅನಿಸುತ್ತದೆ. ಸೆಳೆವವನ್ನು ನೋಡುತ್ತ ನಾನು ಕಲಿತದ್ದು ಇಷ್ಟು: ಬಯಲು ತನ್ನಷ್ಟಕ್ಕೆ ಪೂರ್ಣವಾದ ಜಾಗ. ನಾವು ಬರಿದು ಎಂದ ನೆಲವನ್ನು ಆರಿಸಿಕೊಂಡೇ ಒಂದು ಹಕ್ಕಿ ಖಂಡ ದಾಟಿ ಬರುತ್ತದೆ.

ಕಾಪಾಡುವುದು ಆಗದ ಕೆಲಸವೇನೂ ಅಲ್ಲ. ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ 2012ರವರೆಗೆ ಅಮುರ್ ಚಾಣಗಳನ್ನು ಬಲೆ ಹಾಕಿ ಸಾವಿರಗಟ್ಟಲೆ ಹಿಡಿಯುತ್ತಿದ್ದರು. ಮರುವರ್ಷವೇ ಪಂಗ್ತಿ ಮತ್ತು ನೆರೆಯ ಹಳ್ಳಿಗಳ ಜನ ಬಲೆ ತೆಗೆದರು. ಆ ವರ್ಷ ಉಪಗ್ರಹ ಸಾಧನ ಕಟ್ಟಿ ಬಿಟ್ಟ ಹಕ್ಕಿಗಳಲ್ಲಿ ಒಂದಕ್ಕೆ ಪಂಗ್ತಿ ಎಂದೇ ಹೆಸರಿಟ್ಟರು. ಅವು ಭಾರತವನ್ನು ದಾಟಿ, ಅರಬ್ಬೀ ಸಮುದ್ರವನ್ನು ಹಾರಿ ಆಫ್ರಿಕಾ ಸೇರಿದವು. ವಲಸೆ ಬೇಟೆಹಕ್ಕಿಗಳನ್ನು ಕಾಪಾಡುವ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಭಾರತ 2016ರಲ್ಲಿ ಸಹಿ ಹಾಕಿತು. ಸಹಿ ದೆಹಲಿಯದಾದರೂ ಅದನ್ನು ನಡೆಸಿಕೊಡಬೇಕಾದವರು ಹಳ್ಳಿಯವರೇ, ಹೊಲದವರೇ.

ಆದ್ದರಿಂದ ನನ್ನ ಬಿನ್ನಹ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಓದುಗರಿಗೆ. ಎಳ್ಳಮಾವಾಸ್ಯೆಗೆ ನೀವು ಬಂಡಿ ಕಟ್ಟಿಕೊಂಡು, ಬಂಧುಬಳಗದೊಡನೆ ಹೊಲಕ್ಕೆ ಹೋಗುತ್ತೀರಿ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಉಂಡು ಜೋಳದ ಪೈರಿನ ಪಕ್ಕ ಕೂರುತ್ತೀರಿ. ಸೆಳೆವಗಳು ನಿಮ್ಮ ಹೊಲದ ಮೇಲೆ ಹಾರುವ ಕಾಲವೂ ಅದೇ. ಮಕ್ಕಳಿಗೆ ತೋರಿಸಿ. ಎಲ್ಲಿಂದ ಬಂದಿವೆ ಎಂದು ಹೇಳಿ. ಬದುವಿನ ಹುಲ್ಲನ್ನು ಪೂರ್ತಿ ಸವರದೆ ಒಂದಿಷ್ಟು ಬಿಡಿ. ಸಂಜೆ ಹೊತ್ತು ನಿಮ್ಮೂರ ಗಾಯರಾಣದ ಹುಲ್ಲಿಗೆ ಹಕ್ಕಿಗಳು ಸುತ್ತಿ ಇಳಿಯುವುದು ಕಂಡರೆ ಅಲ್ಲಿಗೆ ಕಾಲಿಡದೆ ದೂರದಿಂದಲೇ ಎಣಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಏಪ್ರಿಲ್ ಮುಗಿಯುವವರೆಗೆ ಆ ಹುಲ್ಲಿಗೆ ಯಾರೂ ಬೆಂಕಿ ಹಚ್ಚದಂತೆ ನೋಡಿಕೊಳ್ಳಿ.