ನಾಲ್ಕು ಛುಕ್ಕಿಗೆ ಒಂದು ಸುತ್ತು

ಸ್ಕಾಟ್ಲೆಂಡಿನಲ್ಲಿರುವ ಅಕ್ಕನ ಮಗ ಮೊನ್ನೆ ‘ಜಾಕೊಬೈಟ್’ ಎಂಬ ಉಗಿ ರೈಲಿನ ವಿಡಿಯೊ ಕಳಿಸಿದ. 1968ರ ಆಗಸ್ಟಿನಲ್ಲೇ ಬ್ರಿಟಿಷ್ ರೈಲ್ವೆ ಉಗಿ ಎಂಜಿನ್ನುಗಳನ್ನು ಕೈಬಿಟ್ಟಿತ್ತು. ಆದರೂ ಫೋರ್ಟ್ ವಿಲಿಯಂನಿಂದ ಮಲೇಗಿಗೆ, ದಿನನಿತ್ಯದ ರೈಲುಗಳೋಡುವ ಹಳಿಯ ಮೇಲೆಯೇ, ಹಳೆಯ ‘ಬ್ಲ್ಯಾಕ್ ಫೈವ್’ ಎಂಜಿನ್ನುಗಳು ಪ್ರವಾಸಿಗರನ್ನು ಎಳೆದೊಯ್ಯುತ್ತವೆ. ವಿಡಿಯೊದಲ್ಲಿ ಗ್ಲೆನ್‌ಫಿನ್ನನ್‌ನ 21 ಕಮಾನುಗಳ ಸೇತುವೆಗೆ ಎಂಜಿನ್ ಬಂದೇಬಿಟ್ಟಿತು. ಆದರೆ ಪುಣ್ಯಾತ್ಮ ಅದರ ಸದ್ದಿನ ಮೇಲೆ ಪಿಟೀಲು ಸುರಿದಿದ್ದ! “ಹೀಗಿದ್ರೇ ಚೆನ್ನಾಗಿರುತ್ತೆ ಮಾವ” ಎಂದ. “ಅದನ್ನು ಕಿತ್ತುಹಾಕಿ ಕಳಿಸೋ” ಎಂದೆ.

ಉಗಿ ಎಂಜಿನ್ ಕಣ್ಣಿಗಿಂತ ಕಿವಿಗೆ ಸೇರಿದ್ದು. ಎರಡು ಸಿಲಿಂಡರಿನ ಎಂಜಿನ್ನಿನ ದೊಡ್ಡ ಗಾಲಿ ಒಂದು ಸುತ್ತು ತಿರುಗಿದರೆ ಚಿಮಣಿಯಲ್ಲಿ ನಾಲ್ಕು ಛುಕ್. ಮೀಟರ್ ಗೇಜಿನ ‘ವೈಪಿ’ ಎಂಜಿನ್ನಿಗೆ ನಾಲ್ಕೂವರೆ ಅಡಿ ವ್ಯಾಸದ ಗಾಲಿ, 15.5 ಸೆಕೆಂಡಿನಲ್ಲಿ ಎಷ್ಟು ಸುತ್ತೋ, ಗಂಟೆಗೆ ಅಷ್ಟೇ ಕಿಲೋಮೀಟರ್ ವೇಗ. ಭದ್ರಾವತಿ ಸ್ಟೇಷನ್ನಿನಲ್ಲಿ ಶಿವಮೊಗ್ಗದ ಗಾಡಿ ಹೊರಟಾಗ ಎಣಿಸಿ ಎಣಿಸಿ ಪಳಗಿದ ಕಿವಿ ನನ್ನದು. ಬ್ಲ್ಯಾಕ್ ಫೈವ್‌ಗೆ ಆರಡಿ ಗಾಲಿ, ಹಾಗಾಗಿ 20.7 ಸೆಕೆಂಡು. ನಾಲ್ಕರಲ್ಲೊಂದು ಛುಕ್ ಮೆತ್ತಗೆ ಕೇಳಿದರೆ ವಾಲ್ವಿನ ಹೊಂದಿಕೆ ತಪ್ಪಿದೆ ಎಂದು ಕೂತಲ್ಲೇ ಹೇಳಬಹುದು. ಇಷ್ಟೆಲ್ಲ ಹೇಳುವ ಸದ್ದಿನ ಮೇಲೆ ಪಿಟೀಲೆ?

ಇನ್ನೊಂದು ಜಾತಿ, ಕರಿಹೊಗೆಯ ಭಕ್ತರದು. ಶಿವಮೊಗ್ಗದ ಗೆಳೆಯರೊಬ್ಬರಿಗೆ ವಿಡಿಯೊ ತೋರಿಸಿದೆ. “ಹೊಗೆಯೇ ಇಲ್ವಲ್ಲ ಮಾರಾಯ್ರೆ!” ಎಂದರು. ಇರಬಾರದು ಸ್ವಾಮಿ! ಕರಿಹೊಗೆಯೆಂದರೆ ಉರಿಯದೆ ಹಾರಿಹೋದ ಕಲ್ಲಿದ್ದಲು. ಪಳಗಿದ ಫೈರ್‌ಮನ್ ಬೆಂಕಿ ಬೆಳ್ಳಗೆ ಉರಿಯುವ ಜಾಗ ನೋಡಿ ಸ್ವಲ್ಪಸ್ವಲ್ಪವೇ ಕಲ್ಲಿದ್ದಲು ಹರಡುತ್ತಾನೆ. ಚಿಮಣಿಯ ಮೇಲೆ ತೆಳುವಾದ ಬೂದು ಬಣ್ಣ ಕಂಡರೆ ಕಂಡಿತು. ರಾಶಿ ಸುರಿದು ಉರಿ ಕಟ್ಟಿಸುವವನು ಹೆಡ್ಡ. ಫೋಟೊಗಾಗಿ ಬೇಕೆಂದೇ ಕರಿಹೊಗೆ ಎಬ್ಬಿಸಿ ಎಂದು ಬೇಡುವವರಿದ್ದಾರೆ, ಅವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಚಿಮಣಿಗೆ ನುಗ್ಗುವ ಉಗಿಯೇ ಒಲೆಗೆ ಗಾಳಿ ಎಳೆಯುತ್ತದೆ, ಆ ಛುಕ್ಕೇ ಬೆಂಕಿಯ ಉಸಿರು. 1923ರಿಂದ ಇದ್ದಿಲಿನ ಊದುಕುಲುಮೆಯಲ್ಲಿ ಕಬ್ಬಿಣ ಕರಗಿಸಿದ ಭದ್ರಾವತಿಯ ಪಕ್ಕದಲ್ಲಿದ್ದುಕೊಂಡು ಇದು ತಿಳಿಯದಿದ್ದರೆ ಹೇಗೆ?

‘ಮಾಲ್ಗುಡಿ ಡೇಸ್’ ಚಿತ್ರೀಕರಣವಾದ ಅರಸಾಳು ಸ್ಟೇಷನ್ನಿನ ಹಳೆಯ ಕಟ್ಟಡ ಈಗ ಮ್ಯೂಸಿಯಂ. ಸಂತೋಷ. ಆದರೆ ಅದರೆದುರು ಉಗಿ ಎಂಜಿನ್ ಓಡಬೇಕು. ಅರಸಾಳಿನ ಮೇಲೆ ಹಾಯುವ ತಾಳಗುಪ್ಪದ ಹಳಿಯಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದಿದೆ, ವೈಪಿಯ ಆಸೆ ಬಿಟ್ಟೆ. ರೇವಾರಿಯ ಉಗಿ ಶೆಡ್ಡಿನಲ್ಲಿ ಬ್ರಾಡ್ ಗೇಜಿನ ‘ಅಕ್ಬರ್’ ಎಂಬ ಡಬ್ಲ್ಯೂಪಿ ಎಂಜಿನ್ನನ್ನು ಉಳಿಸಿಕೊಂಡಿದ್ದಾರಲ್ಲ, ಅದನ್ನು ಒಂದು ಮಳೆಗಾಲದ ಮಟ್ಟಿಗಾದರೂ ಶಿವಮೊಗ್ಗಕ್ಕೆ ಕಳಿಸಲಿ. ಗಾಲಿ ಐದಡಿ ಏಳಂಗುಲ. 19.25 ಸೆಕೆಂಡು, ಲೆಕ್ಕ ಹಾಕಿಟ್ಟುಕೊಂಡಿದ್ದೇನೆ.